ಬೀರುವಿನಲ್ಲಿರುವ ಹಾರ್ಡ್‌ಡಿಸ್ಕಿಗೊಂದು ಪಟ್ಟಿ

ಅಕ್ಕ ಊರಿಂದ ಫೋನ್ ಮಾಡಿ, 'ಗೃಹಪ್ರವೇಶದ ಫೋಟೊ ಕಳಿಸೋ' ಅಂದಳು. ಬೀರುವಿನಲ್ಲಿ ನಾಲ್ಕು ಹಾರ್ಡ್‌ಡಿಸ್ಕ್ ಇದ್ದವು. ಒಂದೊಂದೇ ಸಿಕ್ಕಿಸಿ, ಫೋಲ್ಡರ್ ಮೇಲೆ ಫೋಲ್ಡರ್ ತೆರೆದು, ಕೊನೆಗೆ ಸಿಕ್ಕಿದ್ದು ಮರುದಿನ. ಅದೇ ಸಿಟ್ಟಿನಲ್ಲಿ ಎಲ್ಲ ಡಿಸ್ಕ್‌ಗಳ ಫೈಲ್ ವಿವರವನ್ನೂ ಒಂದು ಡೇಟಾಬೇಸಿಗೆ ತುಂಬಿದೆ. ಈಗ ಡಿಸ್ಕ್ ಬೀರುವಿನಲ್ಲೇ ಇದ್ದರೂ ಹುಡುಕಾಟ ಲ್ಯಾಪ್‌ಟಾಪಿನಲ್ಲೇ ಮುಗಿಯುತ್ತದೆ.

ಫೈಲಿನ ಹೆಸರು, ಗಾತ್ರ, ಕೊನೆಯ ಸಲ ಬದಲಾದ ಹೊತ್ತು, ಇರುವ ಫೋಲ್ಡರ್ ಇವೆಲ್ಲ ಮೆಟಾಡೇಟಾ. ಆಂಡ್ರಾಯ್ಡ್ ಫೋನು ನಿಮ್ಮ ಫೋಟೊಗಳ ಇಂಥ ವಿವರವನ್ನು ಎಸ್‌ಕ್ಯೂಲೈಟ್ ಎಂಬ, ಒಂದೇ ಫೈಲಿನಲ್ಲಿ ಕೂರುವ ಪುಟ್ಟ ಡೇಟಾಬೇಸಿನಲ್ಲಿ ಇಟ್ಟುಕೊಂಡಿರುತ್ತದೆ. ಮೈಕ್ರೋಸಾಫ್ಟ್ ವಿಂಡೋಸಿನ ಫೈಲುಗಳಿಗೇ ಡೇಟಾಬೇಸ್ ಬೆಸೆಯಲು ಹೊರಟು, 2003ರಲ್ಲಿ ವಿನ್‌ಎಫ್‌ಎಸ್ ತೋರಿಸಿ, 2006ರಲ್ಲಿ ಕೈಬಿಟ್ಟಿತು. ನಮ್ಮದು ಅಷ್ಟು ದೊಡ್ಡ ಆಸೆಯಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇದ್ದರೆ ಸಾಕು, ಎಸ್‌ಕ್ಯೂಲೈಟ್ ಅದರ ಜೊತೆಗೇ ಬರುತ್ತದೆ.

ಮೊದಲು ಟೇಬಲ್. ಐದು ಕಾಲಂ ಮಾಡಿ: ಡಿಸ್ಕ್, ದಾರಿ (ಯಾವ ಫೋಲ್ಡರಿನೊಳಗೆ ಯಾವ ಹೆಸರಲ್ಲಿದೆ ಎಂಬ ಪೂರ್ತಿ ವಿಳಾಸ), ಗಾತ್ರ, ಬದಲಾದ ಹೊತ್ತು, ಕೊನೆಗೆ ಕಂಡ ದಿನ. ಫೈಲನ್ನೇ ಒಳಗೆ ತುಂಬಬೇಡಿ, ವಿವರ ಮಾತ್ರ.

ನಾನು ಎಡವಿದ್ದು ಇಲ್ಲೇ. ಡಿಸ್ಕ್ ಕಾಲಂನಲ್ಲಿ ವಿಂಡೋಸ್ ಕೊಟ್ಟ 'ಇ' ಅಕ್ಷರವನ್ನೇ ಬರೆದಿದ್ದೆ. ಮಾರನೇ ದಿನ ಇನ್ನೊಂದು ಡಿಸ್ಕ್ ಸಿಕ್ಕಿಸಿದರೆ ಅದಕ್ಕೂ 'ಇ'! ಎರಡರ ಪಟ್ಟಿಯೂ ಕಲಸಿ ಹೋಯಿತು. ಹಾಗಾಗಿ ಡಿಸ್ಕಿಗೆ ನೀವೇ ಒಂದು ಹೆಸರಿಡಿ, ಅದನ್ನೇ ಚೀಟಿಯಲ್ಲಿ ಬರೆದು ಮೇಲೆ ಅಂಟಿಸಿ. ದಾರಿಯನ್ನು ಆ ಡಿಸ್ಕಿನ ಬುಡದಿಂದ ಶುರುಮಾಡಿ. ಡಿಸ್ಕ್ ಮತ್ತು ದಾರಿ ಎರಡೂ ಸೇರಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯದರಿಂದ ಗುರುತಿಸುವ ಗುರುತು.

ಆಮೇಲೆ ಸುತ್ತಾಟ. ಪೈಥಾನಿನ 'ವಾಕ್' ಫಂಕ್ಷನ್ ಒಂದೊಂದೇ ಫೋಲ್ಡರ್ ಹೊಕ್ಕು ಬರುತ್ತದೆ, 'ಸ್ಟ್ಯಾಟ್' ಗಾತ್ರ ಮತ್ತು ಹೊತ್ತು ಹೇಳುತ್ತದೆ. ಪ್ರತಿ ಸಾಲಿಗೂ ಕಮಿಟ್ (ಬರೆದದ್ದನ್ನು ಖಾಯಂ ಮಾಡುವ ಆದೇಶ) ಮಾಡಬೇಡಿ. ಪ್ರತಿ ಕಮಿಟ್‌ಗೂ ಎಸ್‌ಕ್ಯೂಲೈಟ್ ಬರೆದದ್ದು ಡಿಸ್ಕಿಗೆ ಇಳಿಯುವವರೆಗೆ ಕಾಯುತ್ತದೆ. ನಿಮಿಷಕ್ಕೆ 7200 ಸುತ್ತಿನ ಹಳೇ ಡಿಸ್ಕ್‌ನಲ್ಲಿ ಸೆಕೆಂಡಿಗೆ ಸುಮಾರು 60 ಕಮಿಟ್ ಆದರೆ ಹೆಚ್ಚು. ಎಲ್ಲ ಸಾಲು ಸೇರಿಸಿ ಕೊನೆಗೆ ಒಂದೇ ಸಲ ಮಾಡಿದರೆ ಟೀ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಕನ್ನಡದ ಹೆಸರುಗಳಿದ್ದರೆ ಒಂದು ಎಚ್ಚರ. 'ಕೋಲಾರ' ಅನ್ನುವಲ್ಲಿ ಕೊಂಬು, ದೀರ್ಘ ಸಮೇತ ಇಡೀ ಓಕಾರ ಯೂನಿಕೋಡಿನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಪಟ್ಟಿ) ಒಂದೇ ಸಂಕೇತ ಆಗಬಹುದು, ಬಿಡಿಸಿದರೆ ಮೂರೂ ಆಗಬಹುದು. ಹಳೇ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿಯೇ ಇಡುತ್ತದೆ. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸಿಗೆ ಬೇರೆ ಬೇರೆ. ಫೈಲ್ ಇದ್ದೂ 'ಇಲ್ಲ' ಅನ್ನುತ್ತದೆ. ಹುಡುಕುವುದಕ್ಕೇ ಅಂತ ಹೆಸರಿಗೊಂದು ಆರನೇ ಕಾಲಂ ಮಾಡಿ, 'ಯೂನಿಕೋಡ್‌ಡೇಟಾ' ಮಾಡ್ಯೂಲಿನ 'ನಾರ್ಮಲೈಸ್'ನಿಂದ ಎನ್‌ಎಫ್‌ಸಿಗೆ, ಅಂದರೆ ಕೂಡಿಸಿದ ರೂಪಕ್ಕೆ, ತಿರುಗಿಸಿ ತುಂಬಿ. ಹುಡುಕುವ ಪದವನ್ನೂ ಹಾಗೇ ತಿರುಗಿಸಿ. ದಾರಿಯ ಕಾಲಂ ಮುಟ್ಟಬೇಡಿ, ಡಿಸ್ಕಿನಲ್ಲಿ ಇದ್ದ ಹಾಗೇ ಇರಲಿ.

ಇನ್ನು ಲಾಭ. ಒಂದೇ ಗಾತ್ರದವುಗಳನ್ನು ಗುಂಪು ಮಾಡಿ. ಗಾತ್ರ ಬೇರೆ ಇದ್ದರೆ ನಕಲು ಅಲ್ಲ, ಅಲ್ವಾ? ಗುಂಪಿಗೆ ಬಿದ್ದವನ್ನು ಮಾತ್ರ ಡಿಸ್ಕಿನಿಂದ ಓದಿ ಎಸ್‌ಎಚ್‌ಎ-256 (ಫೈಲಿನ ಒಳಗಿರುವುದರಿಂದ ಬರುವ ಬೆರಳಚ್ಚಿನಂಥ ಸಂಖ್ಯೆ) ಲೆಕ್ಕ ಹಾಕಿ. ಅದೂ ಒಂದೇ ಬಂದರೆ ನಕಲೇ. ನನಗೆ ಒಂದೇ ಮದುವೆ ವಿಡಿಯೊ ಮೂರು ಕಡೆ ಸಿಕ್ಕಿತು.

ಮತ್ತೆ ಸುತ್ತಿದಾಗ ಸಿಕ್ಕ ಫೈಲುಗಳಿಗೆಲ್ಲ 'ಕೊನೆಗೆ ಕಂಡ ದಿನ' ಬದಲಿಸಿ. ಹಳೇ ದಿನವೇ ಉಳಿದ ಸಾಲು ಅಂದರೆ ಆ ಫೈಲ್ ಅಲ್ಲಿಲ್ಲ. ಆದರೆ ಅಳಿಸುವಾಗ ಈಗ ಸಿಕ್ಕಿಸಿದ ಡಿಸ್ಕಿನ ಸಾಲುಗಳನ್ನು ಮಾತ್ರ ಅಳಿಸಿ. ಇಲ್ಲದಿದ್ದರೆ ಬೀರುವಿನಲ್ಲಿ ಸುಮ್ನೆ ಕೂತಿರುವ ಉಳಿದ ಮೂರರ ಪಟ್ಟಿಯೂ ಮಾಯವಾಗುತ್ತದೆ.