ಕ್ರೂಸ್ ಬಂದರಿನಲ್ಲಿ ರ‍್ಯಾಂಪ್ ವ್ಯಾನ್ ನಿಲ್ಲಿಸುವ ಬಗೆ: ನನ್ನ ಅನುಭವ

ವಾಹನದ ಕನ್ನಡಿಗೆ ನೇತುಹಾಕುವ ನೀಲಿ ಪ್ಲಕಾರ್ಡ್ (ವಿಕಲಚೇತನರ ಪಾರ್ಕಿಂಗ್ ಪರವಾನಗಿ ಚೀಟಿ) ಒಂದಿದ್ದರೆ ಬಂದರಿನಲ್ಲಿ ಪಾರ್ಕಿಂಗ್ ಚಿಂತೆಯಿಲ್ಲ ಅಂದುಕೊಂಡು ಹೊರಡುವವರು ಬಹಳ ಮಂದಿ. ಬಂದರಿನಲ್ಲಿ ಪ್ಲಕಾರ್ಡ್ ಕೊಡುವುದು ಒಂದೇ ಹಕ್ಕು, ವಿಕಲಚೇತನರಿಗೆ ಮೀಸಲಾದ ಜಾಗದಲ್ಲಿ ವಾಹನ ನಿಲ್ಲಿಸುವ ಹಕ್ಕು. ಆ ಜಾಗ ಖಾಲಿ ಇರುತ್ತದೆ ಎಂದಾಗಲಿ, ದುಡ್ಡು ಕೊಡಬೇಕಿಲ್ಲ ಎಂದಾಗಲಿ, ವಾರ ಕಳೆದು ಬಂದಾಗ ರ‍್ಯಾಂಪ್ (ವೀಲ್‌ಚೇರ್ ಹತ್ತಿಳಿಯುವ ಇಳಿಜಾರು ಹಲಗೆ) ಇಳಿಸಲು ಪಕ್ಕದಲ್ಲಿ ತೆರವಿರುತ್ತದೆ ಎಂದಾಗಲಿ ಅದು ಮಾತು ಕೊಡುವುದಿಲ್ಲ. ಫ್ಲಾರಿಡಾದ ಬಂದರುಗಳಿಂದ ಕ್ರೂಸ್ ಹೊರಡುವಾಗ ಈ ಮೂರಕ್ಕೂ ನಾನು ಬೇರೆ ಬೇರೆಯಾಗಿ ತಯಾರಿ ಮಾಡಿಕೊಳ್ಳುತ್ತೇನೆ. ನಮ್ಮ ವಾಹನ ಬಲಬದಿಯ ಬಾಗಿಲಿನಿಂದ ರ‍್ಯಾಂಪ್ ಇಳಿಯುವ ಮಿನಿವ್ಯಾನ್, ವೀಲ್‌ಚೇರ್ ಬ್ಯಾಟರಿಯದು.

ಮೊದಲು ದುಡ್ಡಿನ ವಿಷಯ, ಯಾಕೆಂದರೆ ಹೆಚ್ಚು ಗೊಂದಲ ಅಲ್ಲೇ. ವಿಕಲಚೇತನರ ಹಕ್ಕುಗಳಿಗಾಗಿ ಇರುವ ಅಮೆರಿಕದ ಎಡಿಎ ಕಾಯಿದೆ ಜಾಗ ಕಾದಿರಿಸಲು ಹೇಳುತ್ತದೆಯೇ ಹೊರತು ಬಿಟ್ಟಿ ಕೊಡಲು ಹೇಳುವುದಿಲ್ಲ. ಶುಲ್ಕದ ವಿನಾಯಿತಿ ಇದ್ದರೆ ಅದು ರಾಜ್ಯದ ಕಾಯಿದೆಯಲ್ಲಿ ಇರಬೇಕು. ಫ್ಲಾರಿಡಾದಲ್ಲಿ ಅದು 316.1964ನೇ ಕಲಮು. ರಸ್ತೆಬದಿಯ ಪಾರ್ಕಿಂಗ್ ಮೀಟರಿನ ಹಣ ತಪ್ಪಲು ಪ್ಲಕಾರ್ಡ್ ಸಾಕು. ಆದರೆ ಕೌಂಟಿ (ಜಿಲ್ಲೆಯಂಥ ಆಡಳಿತ), ನಗರಸಭೆಯಂಥವರು ಹೊತ್ತಿನ ಲೆಕ್ಕದಲ್ಲಿ ಹಣ ಎತ್ತುವ ಗ್ಯಾರೇಜು ಎಂಬ ಬಹುಮಹಡಿ ಪಾರ್ಕಿಂಗ್ ಕಟ್ಟಡ, ಲಾಟು ಎಂಬ ಬಯಲು ಪಾರ್ಕಿಂಗುಗಳಲ್ಲಿ ಬರೀ ಪ್ಲಕಾರ್ಡ್ ಇರುವವರಿಂದ ಶುಲ್ಕ ಕೇಳಬಹುದು. ಅಲ್ಲಿ ವಿನಾಯಿತಿ ಇರುವುದು ಎರಡು ಬಗೆಯ ವಾಹನಕ್ಕೆ ಮಾತ್ರ. ಒಂದು, ರ‍್ಯಾಂಪ್, ಲಿಫ್ಟ್, ಕೈಯಿಂದ ಅಥವಾ ಕಾಲಿನಿಂದ ನಡೆಸುವ ವಿಶೇಷ ಕಂಟ್ರೋಲ್ ಅಳವಡಿಸಿದ ವಾಹನ. ಎರಡು, ಫ್ಲಾರಿಡಾ ಟೋಲ್ ವಿನಾಯಿತಿ ಪರ್ಮಿಟ್ ಅಂಟಿಸಿದ ವಾಹನ. ಮಯಾಮಿ ಬಂದರು ಮಯಾಮಿ-ಡೇಡ್ ಕೌಂಟಿಯದು, ಪೋರ್ಟ್ ಎವರ್‌ಗ್ಲೇಡ್ಸ್ ಬ್ರೊವರ್ಡ್ ಕೌಂಟಿಯದು, ಪೋರ್ಟ್ ಕೆನಾವರಲ್ ಅಲ್ಲಿನ ಬಂದರು ಪ್ರಾಧಿಕಾರದ್ದು. ಇವರ ಸ್ವಂತ ಪಾರ್ಕಿಂಗಿನಲ್ಲಿ ಈ ವಿನಾಯಿತಿ ನಡೆಯುತ್ತದೆ. ಬಂದರಿನ ಹೊರಗೆ ಖಾಸಗಿಯವರು ನಡೆಸುವ ಲಾಟುಗಳಿಗೆ ಇದು ಅನ್ವಯಿಸುವುದಿಲ್ಲ.

ಟೋಲ್ ಪರ್ಮಿಟ್ಟನ್ನು ವೀಲ್‌ಚೇರ್ ಬಳಸುವ ಎಲ್ಲರಿಗೂ ಕೊಡುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಅದು ಇರುವುದು ಸ್ವತಃ ವಾಹನ ಓಡಿಸುವ, ವಿಶೇಷ ಸಾಧನ ಅಳವಡಿಸಿದ ವಾಹನವನ್ನೇ ಓಡಿಸುವ, ಕೈ-ತೋಳುಗಳ ಶಾಶ್ವತ ದುರ್ಬಲತೆಯಿಂದ ಟೋಲ್ ಬುಟ್ಟಿಗೆ ನಾಣ್ಯ ಹಾಕುವುದೇ ಕಷ್ಟವಾದ ಚಾಲಕರಿಗೆ. ವೈದ್ಯರ ಪ್ರಮಾಣಪತ್ರ ಬೇಕು. ಹಾಗಾಗಿ ಹೆಚ್ಚಿನ ಕುಟುಂಬಗಳಿಗೆ ದಾರಿ ಇರುವುದು ವಾಹನದಲ್ಲಿ ಅಳವಡಿಸಿದ ಸಾಧನದಿಂದಲೇ. ಡಿಕ್ಕಿಯಲ್ಲಿ ಮಡಚಿಟ್ಟ ಅಲ್ಯುಮಿನಿಯಂ ರ‍್ಯಾಂಪನ್ನು ತೋರಿಸಿ ವಿನಾಯಿತಿ ಕೇಳುವವರಿದ್ದಾರೆ. ಅದು ವಾಹನಕ್ಕೆ ಅಳವಡಿಸಿದ್ದಲ್ಲ, ನಾನಾದರೆ ಅದನ್ನು ನಂಬಿ ಹೊರಡುವುದಿಲ್ಲ.

ವಿನಾಯಿತಿ ಸಿಗುವ ವಾಹನವಾದರೆ ಆನ್‌ಲೈನಿನಲ್ಲಿ ಮುಂಗಡ ಕಟ್ಟಬೇಡಿ. ಕಟ್ಟಿದ್ದನ್ನು ವಾಪಸ್ ಪಡೆಯುವುದು ದೊಡ್ಡ ತಲೆನೋವು. ಬೂತಿನಲ್ಲಿ ಸಿಬ್ಬಂದಿ ಇದ್ದರೆ ಅವರು ರ‍್ಯಾಂಪನ್ನು ಕಣ್ಣಾರೆ ನೋಡಲು ಕೇಳಬಹುದು, ಬದಿಯ ಬಾಗಿಲು ತೆರೆದು ತೋರಿಸಲು ಸಿದ್ಧರಿರಿ. ಮನುಷ್ಯರಿಲ್ಲದ ಗೇಟಾದರೆ ಕಾರ್ಡ್ ತುರುಕುವ ಮೊದಲೇ ಸಹಾಯದ ಗುಂಡಿ ಒತ್ತಿ ಹೇಳಿ. ನಾನು ಹೊರಡುವ ವಾರ ಬಂದರಿನ ಪಾರ್ಕಿಂಗ್ ಕಚೇರಿಗೆ ಫೋನ್ ಮಾಡಿ ಕೇಳುವುದು ನಾಲ್ಕೇ ಪ್ರಶ್ನೆ: ನನ್ನ ಟರ್ಮಿನಲ್ಲಿಗೆ ಯಾವ ಗ್ಯಾರೇಜು, ಹಣ ಒಳಹೋಗುವಾಗಲೋ ಹೊರಬರುವಾಗಲೋ, ಸಾಧನವನ್ನು ಯಾರು ಯಾವಾಗ ಪರೀಕ್ಷಿಸುತ್ತಾರೆ, ಒಳಗಿನ ಎತ್ತರ ಎಷ್ಟು.

ಆ ಎತ್ತರದ ಪ್ರಶ್ನೆ ಬಿಡಬೇಡಿ. ಎಡಿಎ ಮಾನದಂಡದಂತೆ ವ್ಯಾನ್ ಜಾಗಕ್ಕೂ ಅಲ್ಲಿಗೆ ಹೋಗಿಬರುವ ದಾರಿಗೂ ಕನಿಷ್ಠ 98 ಇಂಚು, ಅಂದರೆ 8 ಅಡಿ 2 ಇಂಚು ಎತ್ತರ ಇರಬೇಕು. ಮೇಲಿನ ಅಂತಸ್ತುಗಳಿಗೆ ಆ ಲೆಕ್ಕವಿಲ್ಲ. ನೆಲ ತಗ್ಗಿಸಿದ ಮಿನಿವ್ಯಾನಿಗೆ ತೊಂದರೆಯಿಲ್ಲ, ಆದರೆ ಮೇಲೆ ಲಗೇಜ್ ಪೆಟ್ಟಿಗೆ ಕಟ್ಟಿದ್ದರೆ ನೆಲದಿಂದ ಅಳೆದು ನೋಡಿ. ಫೋರ್ಡ್ ಟ್ರಾನ್ಸಿಟ್‌ನ ಎತ್ತರದ ಚಾವಣಿಯ ಮಾದರಿ ಸುಮಾರು 110 ಇಂಚು. ಅದು 98 ಇಂಚಿನ ಗ್ಯಾರೇಜಿಗೆ ಹೋಗುವುದೇ ಇಲ್ಲ, ಬಯಲು ಲಾಟೇ ಗತಿ. 20 ಅಡಿಗಿಂತ ಉದ್ದದ ವಾಹನಕ್ಕೆ ಹೆಚ್ಚು ದರ ಹಾಕುವ ಬಂದರುಗಳೂ ಇವೆ.

ಇನ್ನು ಜಾಗ ಸಿಗುವ ಮಾತು. 1000 ವಾಹನಗಳ ಗ್ಯಾರೇಜಿನಲ್ಲಿ ಎಡಿಎ ಕೇಳುವುದು ಕನಿಷ್ಠ 20 ಮೀಸಲು ಜಾಗ. ಆರಕ್ಕೊಂದು ವ್ಯಾನಿಗೆ ಎಂಬ ನಿಯಮದಂತೆ ಅದರಲ್ಲಿ ವ್ಯಾನ್ ಜಾಗ 4. ಹಡಗಿನಲ್ಲಿ ಸಾವಿರಾರು ಜನ! ಸೂಪರ್‌ಮಾರ್ಕೆಟ್ ಮುಂದೆ ಮೀಸಲು ಜಾಗ ಅರ್ಧ ಗಂಟೆಗೊಮ್ಮೆ ಖಾಲಿಯಾಗುತ್ತದೆ, ಬಂದರಿನಲ್ಲಿ ಒಬ್ಬರು ನಿಲ್ಲಿಸಿದರೆ ಏಳು ರಾತ್ರಿ ಕದಲುವುದಿಲ್ಲ. ಅದಕ್ಕೇ ತೀರಾ ಬೆಳಗ್ಗೆ ಬೇಗ ಹೋದರೆ ಜಾಗ ಸಿಗುತ್ತದೆ ಎಂಬ ಲೆಕ್ಕ ಇಲ್ಲಿ ತಲೆಕೆಳಗು. ಹಡಗು ನಸುಕಿಗೆ ಬಂದು ಕಟ್ಟುತ್ತದೆ, ಹಿಂದಿನ ಪ್ರಯಾಣದವರು ಇಳಿದು ಕಾರು ತೆಗೆಯುವುದು ಸುಮಾರಾಗಿ 8ರಿಂದ 10:30ರ ತನಕ. ಏಳೂವರೆಗೆ ಹೋದರೆ ಹೋದ ವಾರದವರ ಕಾರುಗಳೇ ಎದುರಾಗುತ್ತವೆ. ನಾನು ಹಡಗು ಹತ್ತುವ ಸಮಯವನ್ನು 11ರ ಆಸುಪಾಸಿಗೆ ಆರಿಸಿಕೊಂಡು, 10ರ ನಂತರ ಬಂದರಿನ ಗೇಟು ದಾಟುತ್ತೇನೆ. ಒಂದೇ ಗ್ಯಾರೇಜನ್ನು ಬೇರೆ ಬೇರೆ ದಿನ ಹೊರಡುವ ಹಡಗುಗಳ ಜನ ಬಳಸುವಲ್ಲಿ ಈ ಲೆಕ್ಕವೂ ಅರ್ಧ ಮಾತ್ರ ನಡೆಯುತ್ತದೆ. ನಿನ್ನೆ ಹೊರಟವರ ಕಾರು ಇಂದು ಖಾಲಿಯಾಗುವುದಿಲ್ಲ.

ಅದಕ್ಕೆ ನಾನು ಕಂಡುಕೊಂಡ ಉಪಾಯ, ಮೀಸಲು ಜಾಗದ ಮೇಲೆ ಭಾರ ಹಾಕದಿರುವುದು. ಟರ್ಮಿನಲ್ ಮುಂದೆ ಇಳಿಸುವ ಜಾಗದಲ್ಲೇ ರ‍್ಯಾಂಪ್ ಹಾಕಿ ಜನರನ್ನು, ಸಾಮಾನನ್ನು ಇಳಿಸಿಬಿಟ್ಟರೆ ಆಮೇಲೆ ವ್ಯಾನ್ ಬರೀ ಒಂದು ಕಾರು. ನಡೆಯಬಲ್ಲ ಚಾಲಕ ಇದ್ದರೆ ಅದನ್ನು ಸಾಮಾನ್ಯ ಜಾಗದಲ್ಲೇ ನಿಲ್ಲಿಸಬಹುದು, ಪಕ್ಕದಲ್ಲಿ ತೆರವು ಬೇಕಾಗುವುದಿಲ್ಲ, ಹಿಂತಿರುಗಿದಾಗ ಯಾರು ಅಡ್ಡ ನಿಲ್ಲಿಸಿದ್ದಾರೆ ಎಂಬ ಆತಂಕವೂ ಇಲ್ಲ. ಆ ನಾಲ್ಕು ವ್ಯಾನ್ ಜಾಗ ಒಬ್ಬರೇ ಓಡಿಸಿಕೊಂಡು ಬಂದು, ಅಲ್ಲೇ ವೀಲ್‌ಚೇರಿನಲ್ಲಿ ಇಳಿಯಬೇಕಾದವರಿಗೆ ಉಳಿಯಲಿ. ಅವರಿಗೆ ಬೇರೆ ದಾರಿಯೇ ಇಲ್ಲ. ಇದನ್ನು ನಾನು ಬಹಳ ಮನಸ್ಸಿಟ್ಟು ಹೇಳುತ್ತಿದ್ದೇನೆ.

ಇಳಿಸುವ ಜಾಗದಲ್ಲಿ ವಾಹನ ಬಿಟ್ಟು ಒಳಗೆ ಹೋಗುವಂತಿಲ್ಲ. ಆದ್ದರಿಂದ ಮೂರನೆಯವರು ಒಬ್ಬರಿದ್ದರೆ ಒಳ್ಳೆಯದು. ಚಾಲಕ ವ್ಯಾನ್ ಒಯ್ದಾಗ ಅವರು ವೀಲ್‌ಚೇರಿನಲ್ಲಿ ಇರುವವರ ಜೊತೆಗಿರುತ್ತಾರೆ. ಸೂಟ್‌ಕೇಸುಗಳಿಗೆ ಹಡಗಿನ ಚೀಟಿಯನ್ನು ಮನೆಯಲ್ಲೇ ಕಟ್ಟಿಟ್ಟರೆ ಪೋರ್ಟರ್ ಎರಡೇ ನಿಮಿಷದಲ್ಲಿ ಎತ್ತಿಕೊಳ್ಳುತ್ತಾರೆ. ಔಷಧಿ, ವೀಲ್‌ಚೇರಿನ ಚಾರ್ಜರ್, ಕುಶನ್ ಮಾತ್ರ ಕೈಯಲ್ಲಿರಲಿ, ಕೊಟ್ಟ ಸೂಟ್‌ಕೇಸು ಕ್ಯಾಬಿನ್ ತಲುಪುವುದು ಸಂಜೆಯೂ ಆಗಬಹುದು. ಕ್ರೂಸ್ ಕಂಪನಿಯವರ ವೀಲ್‌ಚೇರ್ ಸಹಾಯ ಕೇಳಿದ್ದರೂ ಅದು ಸಾಮಾನ್ಯವಾಗಿ ಶುರುವಾಗುವುದು ಟರ್ಮಿನಲ್ ಬಾಗಿಲಿನಿಂದ. ಗ್ಯಾರೇಜಿನ ಮೂರನೇ ಅಂತಸ್ತಿಗೆ ಅವರು ಬರುವುದಿಲ್ಲ.

ಮೀಸಲು ಜಾಗ ಬೇಕೇ ಬೇಕು ಎನ್ನುವವರು ನಿಲ್ಲಿಸುವ ಬಗೆಯನ್ನು ಇಂಚಿನ ಲೆಕ್ಕದಲ್ಲಿ ನೋಡಬೇಕು. ಎಡಿಎ ಪ್ರಕಾರ ವ್ಯಾನ್ ಜಾಗದ ಅಗಲ 132 ಇಂಚು, ಪಕ್ಕದಲ್ಲಿ ಪಟ್ಟೆ ಬಳಿದ ತೆರವು 60 ಇಂಚು; ಅಥವಾ ಎರಡೂ 96 ಇಂಚು. ಫ್ಲಾರಿಡಾ ಕಾಯಿದೆ ಇನ್ನೂ ಉದಾರ, ಜಾಗ 12 ಅಡಿ (144 ಇಂಚು), ತೆರವು 5 ಅಡಿ (60 ಇಂಚು). ಮಿನಿವ್ಯಾನಿನ ಅಗಲ ಸುಮಾರು 80 ಇಂಚು ಎಂದಿಟ್ಟುಕೊಳ್ಳಿ. 144 ಇಂಚಿನ ಜಾಗದಲ್ಲಿ ಸರಿಯಾಗಿ ನಡುವೆ ನಿಲ್ಲಿಸಿದರೆ ಬಲಕ್ಕೆ ಉಳಿಯುವುದು 32, ಅದಕ್ಕೆ ಪಟ್ಟೆಯ 60 ಸೇರಿಸಿದರೆ 92 ಇಂಚು. ರ‍್ಯಾಂಪ್ ಹೊರಚಾಚುವುದು 54 ಇಂಚು, ವೀಲ್‌ಚೇರಿನ ಉದ್ದ 48 ಇಂಚು ಅಂದರೆ, ರ‍್ಯಾಂಪಿನಿಂದ ಪೂರ್ತಿ ಇಳಿದು ತಿರುಗಲು 102 ಇಂಚು ಬೇಕು. ನಡುವೆ ನಿಲ್ಲಿಸಿದ ವ್ಯಾನಿನಿಂದ ಅದು ಆಗದು. ಎಡಗಡೆ ಚಾಲಕ ಮೈ ಓರೆ ಮಾಡಿ ಇಳಿಯುವಷ್ಟು 18 ಇಂಚು ಬಿಟ್ಟು ಆ ಕಡೆ ಒತ್ತಿ ನಿಲ್ಲಿಸಿ, ಆಗ ಬಲಕ್ಕೆ 106 ಇಂಚು ಸಿಗುತ್ತದೆ. ಎಲ್ಲ ವ್ಯತ್ಯಾಸ ಆ ಹದಿನಾಲ್ಕು ಇಂಚಿನಲ್ಲಿದೆ. ನಿಮ್ಮ ವ್ಯಾನಿನ ರ‍್ಯಾಂಪನ್ನೂ ಕುರ್ಚಿಯನ್ನೂ ಟೇಪು ಹಿಡಿದು ಅಳೆದು ಈ ಲೆಕ್ಕ ಮಾಡಿಟ್ಟುಕೊಳ್ಳಿ.

ತೆರವು ಎಡಕ್ಕೆ ಬಂದರೆ ಹಿಮ್ಮುಖವಾಗಿ ನಿಲ್ಲಿಸಿದರೆ ಬಲಕ್ಕೆ ಬರುತ್ತದೆ. ಓರೆಯಾಗಿ ಗೆರೆ ಎಳೆದ ಜಾಗದಲ್ಲಿ ಇದು ಆಗದು, ಆದರೆ ಅಂಥಲ್ಲಿ ವ್ಯಾನ್ ಜಾಗದ ತೆರವು ಪ್ರಯಾಣಿಕರ ಬದಿಗೇ ಇರಬೇಕೆಂದು ಎಡಿಎ ಹೇಳುತ್ತದೆ. ಎರಡು ಜಾಗ ಒಂದೇ ತೆರವನ್ನು ಹಂಚಿಕೊಂಡಿರುವುದೂ ಉಂಟು. ಆಚೆಯವರದ್ದೂ ರ‍್ಯಾಂಪ್ ವ್ಯಾನ್ ಇರಬಹುದು. ಸಾಲಿನ ಕೊನೆಯ, ತೆರವಿನ ಆಚೆ ಕಂಬವೋ ಕಟ್ಟೆಯೋ ಇರುವ ಜಾಗ ಸಿಕ್ಕರೆ ಅದನ್ನೇ ಹಿಡಿಯಿರಿ. ಪಟ್ಟೆಯ ಮೇಲೆ ನಿಲ್ಲಿಸುವುದು ಕಾನೂನಿಗೆ ವಿರುದ್ಧ, ಆದರೂ ಬೈಕಿನವರು, ಅವಸರದವರು ನಿಲ್ಲಿಸುತ್ತಾರೆ. ಹೊರಡುವ ಮೊದಲು ವ್ಯಾನು, ಗೆರೆ, ಕಂಬದ ಸಂಖ್ಯೆ, ಪ್ಲಕಾರ್ಡ್ ಎಲ್ಲ ಕಾಣುವಂತೆ ಫೋಟೊ ತೆಗೆದು, ಪಾರ್ಕಿಂಗ್ ಕಚೇರಿಯ ನಂಬರ್ ಫೋನಿನಲ್ಲಿ ಇಟ್ಟುಕೊಳ್ಳಿ. ಹಿಂತಿರುಗಿದಾಗ ದಾರಿ ಕಟ್ಟಿದ್ದರೆ, ಓಡಿಸಬಲ್ಲವರು ಜೊತೆಗಿದ್ದರೆ ವ್ಯಾನನ್ನು ಹೊರತಂದು ರ‍್ಯಾಂಪ್ ಹಾಕಿದರಾಯಿತು. ಒಬ್ಬರೇ ಆದರೆ ಆ ನಂಬರಿಗೇ ಫೋನ್ ಮಾಡಬೇಕು.

ಬ್ಯಾಟರಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಕೈಕೊಡುವುದು ಅದೇ. ರ‍್ಯಾಂಪಿನ ಕಂಟ್ರೋಲರ್, ಬಾಗಿಲಿನ ಮೋಟಾರ್, ಇಳಿಯಲು ಅನುಕೂಲವಾಗುವಂತೆ ವಾಹನವನ್ನು ಒಂದು ಬದಿಗೆ ತಗ್ಗಿಸುವ ವ್ಯವಸ್ಥೆ, ಡ್ಯಾಶ್‌ಕ್ಯಾಮ್ ಎಲ್ಲ ನಿಂತ ವ್ಯಾನಿನಿಂದಲೂ ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಿರುತ್ತವೆ. 200 ಮಿಲಿಆಂಪ್ ಸತತ ಎಳೆತ ಇದ್ದರೆ ದಿನಕ್ಕೆ 4.8 ಆಂಪ್-ಅವರ್, ಏಳು ದಿನಕ್ಕೆ 33.6. 60 ಆಂಪ್-ಅವರ್ ಬ್ಯಾಟರಿಯ ಅರ್ಧಕ್ಕಿಂತ ಹೆಚ್ಚು ಹೋಯಿತು, ಅದು ಹಳೆಯದಾದರೆ ಎಂಜಿನ್ ತಿರುಗುವುದಿಲ್ಲ, ರ‍್ಯಾಂಪ್ ಇಳಿಯುವುದಿಲ್ಲ. ಮೆಕ್ಯಾನಿಕ್ ಹತ್ತಿರ ನಿಂತ ವಾಹನದ ಎಳೆತ ಅಳೆಸಿ, 50 ಮಿಲಿಆಂಪಿಗಿಂತ ಕೆಳಗಿದ್ದರೆ ನೆಮ್ಮದಿ. ನಿಲ್ಲಿಸಿದ ಮೇಲೆ ನಾನು ರ‍್ಯಾಂಪಿನ ಮುಖ್ಯ ಸ್ವಿಚ್ ಆರಿಸಿ, ಡ್ಯಾಶ್‌ಕ್ಯಾಮ್ ತಂತಿ ಕಿತ್ತು, ಬದಿಯ ಬಾಗಿಲು ಪೂರ್ತಿ ಕೂತಿದೆಯೇ ಎಂದು ಕೈಯಿಂದ ತಳ್ಳಿ ನೋಡುತ್ತೇನೆ. ಬಾಗಿಲು ಬೆರಳಿನಷ್ಟು ಕೂರದಿದ್ದರೂ ಒಳಗಿನ ದೀಪ ಉರಿಯುತ್ತಲೇ ಇರುತ್ತದೆ. ಕರೆಂಟಿಲ್ಲದಾಗ ರ‍್ಯಾಂಪನ್ನು ಕೈಯಿಂದ ಬಿಡಿಸುವುದು ಹೇಗೆ ಎಂದು ಮನೆಯಲ್ಲೇ ಒಮ್ಮೆ ಮಾಡಿ ನೋಡಿ. ಇನ್ನೊಂದು ಕಾರಿನ ಬ್ಯಾಟರಿಯಿಂದ ಎಂಜಿನ್ ಚಾಲೂ ಮಾಡುವ ಜಂಪರ್ ಕೇಬಲ್ 16ರಿಂದ 20 ಅಡಿಯದ್ದು ಬೇಕು, ತೆರವಿನ ಆಚೆ ನಿಂತ ಕಾರಿನಿಂದ ತಲುಪಬೇಕಲ್ಲ. ಲಿಥಿಯಂ ಜಂಪ್ ಪ್ಯಾಕನ್ನು ವಾರವಿಡೀ ಬಿಸಿಲಿಗೆ ಕಾಯುವ ವ್ಯಾನಿನಲ್ಲಿ ಬಿಡುವುದು ಅಪಾಯ.

ಪ್ಲಕಾರ್ಡ್ ವ್ಯಾನಿನಲ್ಲೇ ಉಳಿಯಬೇಕು, ಅವಧಿ ಪ್ರಯಾಣದ ನಡುವೆ ಮುಗಿಯಬಾರದು. ತಾತ್ಕಾಲಿಕವಾದದ್ದು ಆರು ತಿಂಗಳು ಮೀರುವುದಿಲ್ಲ, ದಿನಾಂಕ ನೋಡಿಕೊಳ್ಳಿ. ವಿಶೇಷ ನಂಬರ್ ಪ್ಲೇಟ್ ಇಲ್ಲದವರು ಕೇಳಿದರೆ ಇನ್ನೊಂದು ಪ್ಲಕಾರ್ಡ್ ಕೊಡಬೇಕೆಂದು ಫೆಡರಲ್ ನಿಯಮ ಇದೆ. ನಡುವಿನ ಬಂದರಿನಲ್ಲಿ ಬಾಡಿಗೆ ಕಾರು ತೆಗೆಯುವವರಿಗೆ ಅದು ಕೈಯಲ್ಲಿರುತ್ತದೆ. ಬೇರೆ ರಾಜ್ಯದ, ಬೇರೆ ದೇಶದ ಪ್ಲಕಾರ್ಡನ್ನೂ ಅಮೆರಿಕದ ರಾಜ್ಯಗಳು ಮಾನ್ಯ ಮಾಡಬೇಕು ಎಂಬುದೂ ಅದೇ ನಿಯಮದಲ್ಲಿದೆ. ಬ್ರಿಟನ್ನಿನ ಸೌತಾಂಪ್ಟನ್ನಿನಿಂದ ಹೊರಡುವವರಿಗೆ ಬೇರೆ ಮಾತು. ಅಲ್ಲಿನ ವಿಕಲಚೇತನರ ಪಾರ್ಕಿಂಗ್ ಚೀಟಿಯಾದ ಬ್ಲೂ ಬ್ಯಾಡ್ಜ್ ಮುಖ್ಯವಾಗಿ ರಸ್ತೆಬದಿಗೆ, ಪಾರ್ಕಿಂಗ್ ಲಾಟಿನ ನಿಯಮ ಅದನ್ನು ನಡೆಸುವವರದ್ದು. ಟರ್ಮಿನಲ್ ಮುಂದೆ ಕಾರು ಒಪ್ಪಿಸಿ ಹೋಗುವುದಾದರೆ ಹ್ಯಾಂಡ್ ಕಂಟ್ರೋಲ್ ಇದೆ ಎಂದು ಬುಕ್ ಮಾಡುವಾಗಲೇ ಹೇಳಿ.

ಬಂದರಿನ ಹೊರಗಿನ ಅಗ್ಗದ ಲಾಟಿಗೆ ಹೋಗುವವರು ದರಕ್ಕಿಂತ ಮೊದಲು ಶಟಲ್ ಬಸ್ಸನ್ನು ವಿಚಾರಿಸಿ. ಲಿಫ್ಟ್ ಇರುವ ಬಸ್ಸು ಎಷ್ಟಿವೆ, ಮೊದಲೇ ಹೇಳಬೇಕೇ, ಹಿಂತಿರುಗುವ ಬೆಳಗ್ಗೆಯೂ ಅದೇ ಬಸ್ಸು ಬರುತ್ತದೆಯೇ? ಅಮೆರಿಕದ ನಿಯಮದಂತೆ ಇಂಥ ಲಿಫ್ಟಿನ ವಿನ್ಯಾಸ ಭಾರ 600 ಪೌಂಡ್, ವೇದಿಕೆ 30 ಇಂಚು ಅಗಲ, 48 ಇಂಚು ಉದ್ದದ ಕುರ್ಚಿಗೆ. ದೊಡ್ಡ ಬ್ಯಾಟರಿ ಕುರ್ಚಿಯೊಂದೇ 300 ಪೌಂಡ್ ದಾಟುತ್ತದೆ, ಕೂತವರ ತೂಕ ಸೇರಿಸಿ ನೋಡಿ.

ಹಿಂತಿರುಗುವ ದಿನ ಕ್ರೂಸ್ ಕಂಪನಿಯ ಕುರ್ಚಿಯಲ್ಲಿ ಬಂದವರನ್ನು ಬಾಗಿಲ ಬಳಿ ಇಳಿಸಿ ಸಹಾಯಕ ಕುರ್ಚಿ ವಾಪಸ್ ಒಯ್ಯುತ್ತಾರೆ. ಹಾಗಾಗಿ ಚಾಲಕ ಮೊದಲ ಗುಂಪಿನಲ್ಲೇ ಇಳಿದು ವ್ಯಾನ್ ತರಬೇಕು, ಉಳಿದವರು ಸಹಾಯಕರ ಜೊತೆ ನಿಧಾನವಾಗಿ ಬರಲಿ. ಎಂಜಿನ್ ಚಾಲೂ ಮಾಡಿ, ಐದು ನಿಮಿಷ ಬಿಟ್ಟು, ರ‍್ಯಾಂಪಿನ ಸ್ವಿಚ್ ಹಾಕಿ ಒಮ್ಮೆ ಇಳಿಸಿ ಎತ್ತಿ ನೋಡಿಯೇ ಹೊರಡಿ, ಟರ್ಮಿನಲ್ ಮುಂದಿನ ಸಾಲಿನಲ್ಲಿ ಅದು ಕೈಕೊಟ್ಟರೆ ಹಿಂದಿನ ನೂರು ಕಾರು ನಿಲ್ಲುತ್ತವೆ. ಕನ್ನಡಿಯಿಂದ ಪ್ಲಕಾರ್ಡ್ ತೆಗೆದು ಪಕ್ಕಕ್ಕಿಡಿ. ಓಡಿಸುವಾಗ ಅದು ಅಲ್ಲಿ ನೇತಾಡುವಂತಿಲ್ಲ.