ಅಮೆರಿಕದಲ್ಲಿ ಅಮ್ಮನಿಗೆ ಹುಷಾರು ತಪ್ಪಿದರೆ: ಅರ್ಜೆಂಟ್ ಕೇರ್ ಬಿಲ್ ಹಗುರ ಮಾಡಿಕೊಳ್ಳುವುದು ಹೇಗೆ?

ಮಗಳ ಬಾಣಂತನಕ್ಕೆಂದು ಟೆಕ್ಸಾಸ್‌ಗೆ ಹೋಗಿದ್ದ ನಮ್ಮ ಅಕ್ಕ ಒಂದು ಸಂಜೆ ತೊಂಡೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರು. ಬಟ್ಟೆ ಸುತ್ತಿದರೂ ರಕ್ತ ನಿಲ್ಲಲಿಲ್ಲ. ಅಳಿಯ ಗಾಬರಿಯಲ್ಲಿ ಹತ್ತಿರದ ಅಂಗಡಿ ಸಾಲಿನಲ್ಲಿದ್ದ ಕೆಂಪು ಬೋರ್ಡಿನ ಕ್ಲಿನಿಕ್‌ಗೆ ಕರೆದುಕೊಂಡು ಹೋದ. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ತಿಂಗಳ ನಂತರ ಬಂದ ಬಿಲ್ ಎರಡು ಸಾವಿರ ಡಾಲರ್ ದಾಟಿತ್ತು. ಅದೇ ಸಾಲಿನಲ್ಲಿ, ನಾಲ್ಕು ಬಾಗಿಲು ಆಚೆ, ಒಂದು ಅರ್ಜೆಂಟ್ ಕೇರ್, ಅಂದರೆ ಪ್ರಾಣಾಪಾಯವಿಲ್ಲದ ಸಣ್ಣಪುಟ್ಟ ತೊಂದರೆಗೆ ನೇರ ಹೋಗಿ ತೋರಿಸಿಕೊಳ್ಳುವ ಕ್ಲಿನಿಕ್ ಇತ್ತು. ಅಲ್ಲೂ ಹೊಲಿಗೆ ಹಾಕುತ್ತಾರೆ.

ಹಾಗಾಗಿ ಮೊದಲು ಕಲಿಯಬೇಕಾದ್ದು ಬೋರ್ಡ್ ಓದುವುದನ್ನು. ‘ಎಮರ್ಜೆನ್ಸಿ’ ಅಥವಾ ‘ಇಆರ್’ ಅಂತ ಇದ್ದರೆ ಅದು ತುರ್ತು ಚಿಕಿತ್ಸಾ ಘಟಕ. ಆಸ್ಪತ್ರೆಗೆ ಸೇರದೆ ಅಂಗಡಿ ಸಾಲಿನಲ್ಲೇ ನಡೆಯುವ ಇಂಥ ಘಟಕಗಳು ಟೆಕ್ಸಾಸ್‌ನಲ್ಲಿ ಬಹಳ. 2009ರ ಕಾನೂನು ಇವಕ್ಕೆ ಲೈಸೆನ್ಸ್ ಪಡೆಯುವ ದಾರಿ ಮಾಡಿಕೊಟ್ಟಿತು. ನೋಡಲು ಕ್ಲಿನಿಕ್ ಥರವೇ ಇರುತ್ತವೆ. ಆದರೆ ಡಾಕ್ಟರ್ ಫೀಸಿನ ಮೇಲೆ ‘ಫೆಸಿಲಿಟಿ ಫೀ’ (ಆ ಜಾಗ, ಸೌಲಭ್ಯ ಬಳಸಿದ್ದಕ್ಕೆ ಶುಲ್ಕ) ಅಂತ ದೊಡ್ಡ ಮೊತ್ತ ಬೀಳುತ್ತದೆ. ಅರ್ಜೆಂಟ್ ಕೇರ್‌ನಲ್ಲಿ ಇನ್ಶೂರೆನ್ಸ್ ಇಲ್ಲದಿದ್ದರೂ ಬರೀ ಡಾಕ್ಟರ್ ನೋಡುವುದಕ್ಕೆ ಸುಮಾರು 150ರಿಂದ 250 ಡಾಲರ್. ಹೊಲಿಗೆ, ಎಕ್ಸ್‌ರೇ, ಟೆಸ್ಟ್ ಮೇಲೆ ಸೇರುತ್ತವೆ. ಬಾಗಿಲಲ್ಲೇ ಕೇಳಿ: ‘ಇದು ಅರ್ಜೆಂಟ್ ಕೇರಾ, ಇಆರಾ? ಬಿಲ್ ಯಾವ ಥರ ಮಾಡ್ತೀರಿ?’ ಕೆಲವು ಕಡೆ ಒಂದೇ ಸೂರಿನಡಿ ಎರಡೂ ಇರುತ್ತವೆ, ಅಲ್ಲಂತೂ ಕೇಳಲೇಬೇಕು.

ಒಂದು ಮಾತು ಮಾತ್ರ ಸ್ಪಷ್ಟವಾಗಿರಲಿ. ಎದೆನೋವು, ಉಸಿರಾಟದ ತೊಂದರೆ, ಬಾಯಿ ಸೊಟ್ಟಗಾಗುವುದು, ತಲೆಗೆ ಜೋರು ಪೆಟ್ಟು: ಇಲ್ಲಿ ಲೆಕ್ಕ ಬೇಡ. 911ಕ್ಕೆ ಫೋನ್ ಮಾಡಿ. ದುಡ್ಡು, ಇನ್ಶೂರೆನ್ಸ್ ಇರಲಿ ಬಿಡಲಿ, ಆಸ್ಪತ್ರೆಯ ತುರ್ತು ವಿಭಾಗ ರೋಗಿಯನ್ನು ಪರೀಕ್ಷಿಸಿ ಅಪಾಯದಿಂದ ಪಾರು ಮಾಡಲೇಬೇಕು ಅಂತ 1986ರಿಂದ ಅಲ್ಲಿ ಕಾನೂನಿದೆ.

ಜ್ವರ, ಕಿವಿನೋವು, ಉರಿಮೂತ್ರ, ಉಳುಕು, ಸಣ್ಣ ಗಾಯಕ್ಕೆ ಅರ್ಜೆಂಟ್ ಕೇರ್ ಸಾಕು. ಆದರೆ ಹೆಚ್ಚಿನವು ರಾತ್ರಿ ಎಂಟು, ಒಂಬತ್ತಕ್ಕೆಲ್ಲ ಮುಚ್ಚುತ್ತವೆ. ನಮ್ಮ ಅಪ್ಪ-ಅಮ್ಮಂದಿರು ಎಡವುವುದು ಇಲ್ಲೇ. ‘ಸುಮ್ನೆ ಮಕ್ಕಳಿಗೆ ಯಾಕೆ ಖರ್ಚು’ ಅಂತ ಬೆಳಗ್ಗಿನ ಜ್ವರವನ್ನು ಮುಚ್ಚಿಟ್ಟು, ಕಷಾಯ ಕುಡಿದು ಮಲಗುತ್ತಾರೆ. ರಾತ್ರಿ ಹನ್ನೊಂದಕ್ಕೆ ನಡುಕ ಶುರುವಾಗುತ್ತದೆ. ಆಗ ತೆರೆದಿರುವುದು ಇಆರ್ ಮಾತ್ರ. ಬೆಳಗ್ಗೆಯೇ ಹೇಳಿದ್ದರೆ ಇನ್ನೂರು ಡಾಲರ್‌ನಲ್ಲಿ ಮುಗಿಯುತ್ತಿತ್ತು ಅನ್ನುವುದನ್ನು ಅವರು ಬಂದಿಳಿದ ವಾರದಲ್ಲೇ ಕೂರಿಸಿಕೊಂಡು ಹೇಳಿ.

ಅದೇ ವಾರ ಪಾಲಿಸಿಯನ್ನೂ ಓದಿ. ಅಮೆರಿಕಕ್ಕೆ ಬಂದು ಹೋಗುವವರಿಗೆ ಮಾಡಿಸುವ ‘ವಿಸಿಟರ್ ಇನ್ಶೂರೆನ್ಸ್’ನಲ್ಲಿ ಎರಡು ಬಗೆ. ‘ಫಿಕ್ಸೆಡ್ ಬೆನಿಫಿಟ್’ ಪಾಲಿಸಿ ಅಗ್ಗ, ಆದರೆ ಪ್ರತಿ ಚಿಕಿತ್ಸೆಗೂ ಇಷ್ಟೇ ಅಂತ ಗೊತ್ತುಪಡಿಸಿದ ಮೊತ್ತ ಕೊಡುತ್ತದೆ. ಉಳಿದದ್ದು ನಿಮ್ಮ ತಲೆ ಮೇಲೆ. ‘ಕಾಂಪ್ರೆಹೆನ್ಸಿವ್’ ಪಾಲಿಸಿಗೆ ಪ್ರೀಮಿಯಂ ಜಾಸ್ತಿ, ರಕ್ಷಣೆಯೂ ಜಾಸ್ತಿ. ಕೆಲವದರಲ್ಲಿ ಅರ್ಜೆಂಟ್ ಕೇರ್‌ಗೆ ಸಣ್ಣ ಕೋಪೇ (ಪ್ರತಿ ಭೇಟಿಗೆ ಗೊತ್ತುಪಡಿಸಿದ ನಿಮ್ಮ ಪಾಲು) ಕಟ್ಟಿದರೆ ಸಾಕು, ಡಿಡಕ್ಟಿಬಲ್ (ಇನ್ಶೂರೆನ್ಸ್ ಕೊಡಲು ಶುರು ಮಾಡುವ ಮುಂಚೆ ನೀವೇ ಕಟ್ಟಬೇಕಾದ ಮೊತ್ತ) ಲೆಕ್ಕಕ್ಕೆ ಬರುವುದಿಲ್ಲ. ವಯಸ್ಸಾದವರಿಗೆ ಎರಡನೆಯದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ನೆಟ್‌ವರ್ಕ್‌ನಲ್ಲಿರುವ, ಅಂದರೆ ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದವಿರುವ, ಎರಡು ಅರ್ಜೆಂಟ್ ಕೇರ್‌ಗಳ ಹೆಸರು, ಮುಚ್ಚುವ ಸಮಯ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.

ಒಳಗೆ ಹೋದ ಮೇಲೆ ಕೌಂಟರ್‌ನಲ್ಲಿ ‘ಸೆಲ್ಫ್ ಪೇ’ ದರ ಎಷ್ಟು ಅಂತ ಕೇಳಿ. ಕೈಯಿಂದಲೇ ಕಟ್ಟುವವರಿಗೆ ಅನೇಕ ಕಡೆ ರಿಯಾಯಿತಿ ಇರುತ್ತದೆ. ರಕ್ತ, ಮೂತ್ರದ ಸ್ಯಾಂಪಲ್ ಹೊರಗಿನ ಲ್ಯಾಬ್‌ಗೆ ಹೋಗುತ್ತದಾ ಅಂತಲೂ ಕೇಳಿ. ಹೋದರೆ ಆ ಲ್ಯಾಬಿನ ಬಿಲ್ ಬೇರೆ ಬರುತ್ತದೆ. ಅಲ್ಲೇ ಕೊಡುವ ಮಾತ್ರೆಗಿಂತ ಚೀಟಿ ಬರೆಸಿಕೊಂಡು ಹೊರಗೆ ತೆಗೆದುಕೊಂಡರೆ ಎಷ್ಟೋ ಸಲ ಅಗ್ಗ. ವಾಲ್‌ಮಾರ್ಟ್ 2006ರಿಂದ ಕೆಲವು ಜೆನೆರಿಕ್ ಔಷಧಗಳನ್ನು 4 ಡಾಲರ್‌ಗೆ ಕೊಡುತ್ತಿದೆ. ಗುಡ್‌ಆರ್‌ಎಕ್ಸ್ ಆ್ಯಪ್‌ನಲ್ಲಿ ಯಾವ ಅಂಗಡಿಯಲ್ಲಿ ಎಷ್ಟು ಅಂತ ನೋಡಬಹುದು.

ಬಿಲ್ ಬಂದ ಕೂಡಲೇ ದುಡ್ಡು ಕಟ್ಟಬೇಡಿ. ಒಂದೊಂದು ಸಾಲೂ ಬಿಡಿಸಿದ ‘ಐಟಮೈಸ್ಡ್ ಬಿಲ್’ ಕೇಳಿ. ಅದರಲ್ಲಿ ಡಾಕ್ಟರ್ ನೋಡಿದ್ದಕ್ಕೆ ಐದಂಕಿಯ ಕೋಡ್ ಇರುತ್ತದೆ. ಹೊಸ ರೋಗಿಗೆ 99202ರಿಂದ 99205, ಹಳೆಯ ರೋಗಿಗೆ 99211ರಿಂದ 99215. ಅಂಕಿ ಏರಿದಂತೆ ಫೀಸೂ ಏರುತ್ತದೆ. ಸಾದಾ ನೆಗಡಿಗೆ 99205 ಹಾಕಿದ್ದರೆ ಫೋನ್ ಮಾಡಿ ಕಾರಣ ಕೇಳಿ. ಅದೇ ಡಾಕ್ಟರ್ ಅಥವಾ ಅದೇ ಗುಂಪಿನ ಅದೇ ವಿಭಾಗದ ಡಾಕ್ಟರ್ ಹಿಂದಿನ ಮೂರು ವರ್ಷದೊಳಗೆ ಅಮ್ಮನನ್ನು ನೋಡಿದ್ದರೆ ಅಮ್ಮ ಹಳೆಯ ರೋಗಿ. ಆಗ ‘ಹೊಸಬರು’ ಕೋಡ್ ಹಾಕುವ ಹಾಗಿಲ್ಲ.

ಇಆರ್‌ಗೇ ಹೋಗಬೇಕಾಗಿ ಬಂದು ದೊಡ್ಡ ಬಿಲ್ ಬಂದಿದೆಯಾ? ಅದು ಲಾಭರಹಿತ ಆಸ್ಪತ್ರೆ ಆಗಿದ್ದರೆ ‘ಫೈನಾನ್ಶಿಯಲ್ ಅಸಿಸ್ಟೆನ್ಸ್’ ಅರ್ಜಿ ಕೇಳಿ. ಮೊದಲ ಬಿಲ್‌ನಿಂದ 240 ದಿನಗಳವರೆಗೆ ಅರ್ಜಿ ತೆಗೆದುಕೊಳ್ಳಲೇಬೇಕು. ವಿಸಿಟರ್‌ಗಳಿಗೂ ಸಿಗುತ್ತದಾ ಅನ್ನುವುದು ಆಯಾ ಆಸ್ಪತ್ರೆಯ ನಿಯಮ, ಕೇಳಲು ಸಂಕೋಚ ಬೇಡ.

ಕೊನೆಗೆ ಕ್ಲೇಮ್. ಇದಕ್ಕೆ ಗಡುವು ಇರುತ್ತದೆ, ಪಾಲಿಸಿಯಲ್ಲಿ ನೋಡಿಕೊಳ್ಳಿ. ರಸೀದಿ, ಡಾಕ್ಟರ್ ಟಿಪ್ಪಣಿ, ಪಾಸ್‌ಪೋರ್ಟ್ ಪ್ರತಿ ಒಂದೇ ಕವರ್‌ನಲ್ಲಿಡಿ. ಅಮ್ಮ ಬೆಂಗಳೂರಿನ ವಿಮಾನ ಹತ್ತುವ ಮುಂಚೆಯೇ ಫಾರ್ಮ್‌ಗೆ ಅವರ ಸಹಿ ಹಾಕಿಸಿಕೊಳ್ಳಿ.