ಅಕ್ಕಿಕಾಳಿಗೂ ಊಟಕ್ಕೂ ನಡುವೆ ಒಂದು ಗ್ರೂಪ್ ಫೋಟೊ

ಲಗ್ನದಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕುವ ಮುಹೂರ್ತ 12.35ಕ್ಕಿದ್ದರೆ 12.40ಕ್ಕೆ ಅರ್ಧ ಮಂದಿ ಊಟದ ಹಾಲಿನ ಬಾಗಿಲಲ್ಲಿರುತ್ತಾರೆ. ಅವರದೇನೂ ತಪ್ಪಿಲ್ಲ. ಗದಗ, ಹಾವೇರಿ ಕಡೆಯ ಹಳ್ಳಿಗಳಿಂದ ಹುಬ್ಬಳ್ಳಿಗೆ ಗಾಡಿ ಮಾಡಿಕೊಂಡು ಬಂದವರಿಗೆ ಹೊತ್ತು ಮುಳುಗುವುದರೊಳಗೆ ಊರು ಮುಟ್ಟಬೇಕಿರುತ್ತದೆ. ತಪ್ಪಿರುವುದು ಮನೆಯವರದು: ಬಳಗದ ಫೋಟೊವನ್ನು ‘ಊಟ ಆದಮ್ಯಾಲೆ ನೋಡೂಣು’ ಎಂದು ಬಿಡುತ್ತಾರೆ. ಊಟದ ನಂತರ ಜನ ಸಿಗುವುದಿಲ್ಲ, ಸಿಕ್ಕವರ ಸೀರೆ ಮೇಲೆ ಎಣ್ಣೆಗಾಯಿ ಇರುತ್ತದೆ.

ಆದ್ದರಿಂದ ಮೊದಲ ಕೆಲಸ ಪಟ್ಟಿ. ಲಗ್ನಕ್ಕೆ ವಾರ ಮೊದಲೇ ಎರಡೂ ಮನೆಯವರು ಕೂತು ಯಾವ ಯಾವ ಗುಂಪು ಬೇಕು ಎಂದು ಬರೆದುಕೊಳ್ಳಿ. ಒಂದು ಗುಂಪನ್ನು ಕರೆದು, ನಿಲ್ಲಿಸಿ, ತೆಗೆಯಲು 3 ನಿಮಿಷ ಹಿಡಿಯಿರಿ. 12 ಗುಂಪಿಗೆ ಅರ್ಧ ತಾಸಿನ ಮೇಲಾಯಿತು. ಅದಕ್ಕಿಂತ ಹೆಚ್ಚು ಬೇಡ.

ಈಗ ಪಟ್ಟಿಯನ್ನು ಎರಡು ಭಾಗ ಮಾಡಿ. ಮದುಮಗಳ ತವರಿನ ಕಾಕಾ-ಕಾಕು, ಅತ್ತಿ-ಮಾಮಾ, ಗೆಳತಿಯರು, ಹಾಗೇ ಮದುಮಗನ ಕಡೆಯ ಬಳಗ: ಇವರ ಫೋಟೊಕ್ಕೆ ಇಬ್ಬರೂ ಜೋಡಿಯಾಗಿ ಬೇಕಿಲ್ಲ. ಮದುಮಕ್ಕಳಿಗೆ ನೀರೆರೆಯುವ ಸುರಗಿ ಶಾಸ್ತ್ರ ಮುಗಿದು, ಸೀರೆ ಬದಲಿಸಿ, ಅಕ್ಕಿಕಾಳಿಗೆ ಇನ್ನೂ ಹೊತ್ತಿರುವಾಗಲೇ ಅವನ್ನು ಮುಗಿಸಿಬಿಡಿ. ಅಕ್ಕಿಕಾಳಿನ ನಂತರಕ್ಕೆ ಉಳಿಯಬೇಕಾದದ್ದು ಜೋಡಿ ಬೇಕಾದ ನಾಲ್ಕೈದು ಮಾತ್ರ: ಅಜ್ಜ-ಅಜ್ಜಿಯರು, ಎರಡೂ ಕಡೆಯ ತಂದೆ-ತಾಯಿ, ಅಣ್ಣ-ತಮ್ಮ-ಅಕ್ಕ-ತಂಗಿ, ಸೋದರಮಾವನ ಮನೆಯವರು, ಕೊನೆಗೆ ಬೀಗರೆಲ್ಲ ಕೂಡಿ ಒಂದು. ಆಯೇರಿ ಮಾಡುವವರ, ಅಂದರೆ ಉಡುಗೊರೆ ಕೊಡುವವರ, ಸಾಲು ಇದರಲ್ಲಿ ಬೆರೆಯಬಾರದು. ಆ ಸಾಲು ಒಮ್ಮೆ ವೇದಿಕೆ ಹತ್ತಿತೆಂದರೆ ಮುರಿಯುವುದು ಯಾರ ಕೈಲೂ ಆಗದು.

ಪಟ್ಟಿಯನ್ನು ಫೋಟೊಗ್ರಾಫರ್ ಕೈಗೆ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಕಾಕಾ ಯಾರು, ಮಾಮಾ ಯಾರು ಎಂಬುದು ಅವರಿಗೆ ಹೇಗೆ ಗೊತ್ತು? ಒಂದೊಂದು ಮನೆಯಿಂದ ಒಬ್ಬೊಬ್ಬರು ಕರೆಯುವವರು ಬೇಕು. ಮದುಮಗಳ ಅಣ್ಣ ಬೇಡ, ಅವನು ಅಡುಗೆಮನೆ ಮತ್ತು ಗೇಟಿನ ನಡುವೆ ಓಡುತ್ತಿರುತ್ತಾನೆ. ಬಳಗದ ಮುಖ ಬಲ್ಲ, ಗಟ್ಟಿ ದನಿಯ ಅತ್ತಿಯೊಬ್ಬರು ಸಾಕು. ಒಂದು ಗುಂಪು ಮೇಲಿದ್ದಾಗಲೇ ಮುಂದಿನ ಗುಂಪು ಮೆಟ್ಟಿಲ ಕೆಳಗೆ ತಯಾರಿರಬೇಕು.

ಕರೆಯುವ ಈ ಅತ್ತಿಯ ಕಿವಿಯಲ್ಲಿ ಎರಡು ಮಾತು ಮೊದಲೇ ಹೇಳಿರಿ. ಮಾತು ಬಿಟ್ಟಿರುವ ಅಣ್ಣತಮ್ಮಂದಿರಿದ್ದರೆ ಒಬ್ಬರು ಈ ತುದಿ, ಒಬ್ಬರು ಆ ತುದಿ. ಇನ್ನೊಂದು, ಗಂಡನನ್ನು ಕಳೆದುಕೊಂಡ ಅಜ್ಜಿ. ಆಕೆ ಮೊದಲ ಸಾಲಿನ ಕುರ್ಚಿ ಬಿಟ್ಟು ಕಂಬದ ಹತ್ತಿರ ಕೂತಿರುತ್ತಾಳೆ. ಕರೆದರೆ ಸೆರಗು ಸರಿಮಾಡಿಕೊಳ್ಳುತ್ತ, ‘ನಾ ಯಾಕಬೇ, ನೀವ ತಗಸ್ಕೋರಿ’ ಎನ್ನುತ್ತಾಳೆ. ಇದನ್ನು ಒಪ್ಪಿಕೊಳ್ಳುವ ಸಂಪ್ರದಾಯವನ್ನು ನಾನು ಒಪ್ಪುವುದಿಲ್ಲ. ಮೊಮ್ಮಗಳೇ ಇಳಿದು ಹೋಗಿ ಕೈಹಿಡಿದು ತರಲಿ, ಪಟ್ಟಿಯ ಮೊದಲ ಫೋಟೊ ಆಕೆಯದಿರಲಿ.

ಜಾಗದ ಮಾತು. ಹುಬ್ಬಳ್ಳಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಲಗ್ನಗಳ ಭರಾಟೆಯ ಮೇ ಮೊದಲ ವಾರದಲ್ಲಿ ನಡುಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಆಗ ಬಯಲಲ್ಲಿ ನಿಂತರೆ ಕಣ್ಣಿನ ಗುಳಿಗಳೆಲ್ಲ ಕಪ್ಪು, ರುಮಾಲು ಸುತ್ತಿದವರ ಅರ್ಧ ಮುಖ ಕಪ್ಪು. ಕಟ್ಟಡದ ನೆರಳು ಹುಡುಕಿ. ಕೆಂಪು, ಹಳದಿ ಶಾಮಿಯಾನದ ಕೆಳಗೆ ಬೇಡ, ಆ ಬಣ್ಣ ಮುಖಕ್ಕೆ ಇಳಿಯುತ್ತದೆ. ವೇದಿಕೆಯ ಮೇಲೇ ಆಗಬೇಕೆಂದರೆ ಬಣ್ಣದ ಲೈಟುಗಳನ್ನು ಅಷ್ಟು ಹೊತ್ತು ಆರಿಸುವಂತೆ ಡೆಕೊರೇಶನ್‌ನವರಿಗೆ ಹಿಂದಿನ ದಿನವೇ ಹೇಳಿ. ಹುಬ್ಬಳ್ಳಿಯ ಉಣಕಲ್ ಕೆರೆ, ನೃಪತುಂಗ ಬೆಟ್ಟದ ಫೋಟೊ ಜೋಡಿಗಷ್ಟೇ ಇರಲಿ. ಅಜ್ಜಂದಿರನ್ನು ಅಲ್ಲಿಗೆ ಎಳೆಯಬೇಡಿ.

ನಿಲ್ಲಿಸುವಾಗ ರಾಜಾ ಸೋಫಾವನ್ನು ಬದಿಗೆ ಸರಿಸಿ. ಅದರ ಎತ್ತರದ ಬೆನ್ನು ಹಿಂದೆ ನಿಂತವರನ್ನು ಎದೆಮಟ್ಟ ನುಂಗುತ್ತದೆ, ಅದರಲ್ಲಿ ಕೂರುವವರೋ ಇಬ್ಬರೇ. ಸಾದಾ ಕುರ್ಚಿ ಹಾಕಿ ಹಿರಿಯರನ್ನು ಕೂರಿಸಿ, ಮಕ್ಕಳು ಜಮಖಾನೆಯ ಮೇಲೆ, ಉಳಿದವರು ಹಿಂದೆ. 30 ಮಂದಿ ದಾಟಿದರೆ ಕ್ಯಾಮೆರಾದವರು ಸ್ಟೂಲ್ ಹತ್ತಲಿ. ‘ನಿಮಗ ಕ್ಯಾಮೆರಾ ಕಾಣ್ಲಿಲ್ಲಂದ್ರ ನೀವೂ ಕ್ಯಾಮೆರಾಕ್ಕ ಕಾಣಂಗಿಲ್ಲ’ ಎಂದು ಒಮ್ಮೆ ಕೂಗಿದರೆ ಹಿಂದಿನ ಸಾಲು ತಾನೇ ಸರಿಯಾಗುತ್ತದೆ. ಹಾವೇರಿಯ ಏಲಕ್ಕಿ ಹಾರ ತರಿಸಿದ್ದರೆ ಈ ಹೊತ್ತಿಗೆ ಅದನ್ನು ಹಾಕಿಸಿ, ಅಷ್ಟರಲ್ಲಿ ಹೂವಿನ ಹಾರ ಬಾಡಿರುತ್ತದೆ.

ಫೋಟೊಗ್ರಾಫರ್‌ಗೆ ಕೇಳಬೇಕಾದ್ದು ಕಡಿಮೆ. ತೀರ ವೈಡ್ ಲೆನ್ಸ್ ಬೇಡ ಎನ್ನಿ, ಅದರಲ್ಲಿ ತುದಿಯಲ್ಲಿ ನಿಂತವರು ಅಡ್ಡಕ್ಕೆ ಹಿಗ್ಗುತ್ತಾರೆ. ಮೂರು ಸಾಲೂ ಸ್ಪಷ್ಟ ಬರಬೇಕೆಂದರೆ ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್ 8ರ ಆಸುಪಾಸು ಇರಲಿ. ಒಂದೊಂದು ಗುಂಪಿಗೆ ಐದಾರು ಕ್ಲಿಕ್, ಏಕೆಂದರೆ 30 ಮಂದಿಯಲ್ಲಿ ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಇರುತ್ತಾರೆ. ಚಾವಣಿಯಿಂದ ಇಳಿಬಿಟ್ಟ ಅಲಂಕಾರದ ಝುಮ್ಕಿ ಫೋಟೊದಲ್ಲಿ ಅರ್ಧ ಕತ್ತರಿಸಿ ಹೋದರೂ ಚಿಂತೆಯಿಲ್ಲ. ಅದನ್ನೆಲ್ಲ ಸೇರಿಸಲು ಹೋದರೆ ಅಲ್ಬಮ್ಮಿನಲ್ಲಿ ಮುಖಗಳು ಕಡಲೆಕಾಳಿನಷ್ಟಾಗುತ್ತವೆ. ಬಳಗದವರ ಮೊಬೈಲುಗಳು ಎರಡು ನಿಮಿಷ ಕಿಸೆಯಲ್ಲಿರಲಿ, ಇಲ್ಲವಾದರೆ ಒಬ್ಬೊಬ್ಬರ ಕಣ್ಣು ಒಂದೊಂದು ಕಡೆ.

ಅಲ್ಬಮ್ ಬರುವುದು ತಿಂಗಳುಗಟ್ಟಲೆ ತಡ. ಅದಕ್ಕೆ ಕಾಯದೆ ಗ್ರೂಪ್ ಫೋಟೊಗಳನ್ನಷ್ಟೇ ಮೊದಲು ಕೇಳಿ ಪಡೆದು, ಪ್ರಿಂಟ್ ಹಾಕಿಸಿ ಹಿರಿಯರ ಮನೆಗಳಿಗೆ ಕಳಿಸಿ. ಹಿಂದೆ ಎಡದಿಂದ ಬಲಕ್ಕೆ ಹೆಸರುಗಳಿರಲಿ. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಗೆರೆ ಮುಂಭಾಗದ ಮುಖಗಳ ಮೇಲೆ ಮೂಡುತ್ತದೆ, ಚೀಟಿಯಲ್ಲಿ ಬರೆದು ಅಂಟಿಸುವುದೇ ಮೇಲು.